ಬೋಳು ಪುಸ್ತಕ

ಮಣ್ಣಗುಡ್ಡ, ಮಂಗಳೂರು
೧೨–೨–೧೯೮೩, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳು ಕುಶಲಾ,

ಕುಶಲವೇ ಎಂದು ಕೇಳಿದರೆ ನಿನ್ನ ಹೆಸರು ಕೂಗಿದ ಹಾಗಾಗುತ್ತದೆ ಎಂದು ನಿನ್ನ ಪಪ್ಪ ಪ್ರತಿ ಪತ್ರದಲ್ಲೂ ತಮಾಷೆ ಮಾಡುತ್ತಿದ್ದರು. ಈ ಸಲ ಅದನ್ನು ನಾನು ಮಾಡಬೇಕಾಗಿ ಬಂತು. ನನ್ನ ಕೈಯಲ್ಲಿ ಅದು ಅಷ್ಟು ಚಂದ ಬರುವುದಿಲ್ಲ. ಹೇಗಿದ್ದೀ? ಕಾಲು ಬಾತುಕೊಳ್ಳುವುದು ಕಡಿಮೆಯಾಯಿತಾ? ಬಹ್ರೈನಿನ ಡಾಕ್ಟರು ಉಪ್ಪು ಕಡಿಮೆ ಮಾಡಲಿಕ್ಕೆ ಹೇಳಿದ್ದಾರೆ ಎಂದು ಬರೆದಿದ್ದೀ. ಹೇಳಿದ ಮೇಲೆ ಮಾಡು ಮಾರಾಯ್ತಿ. ನಾನು ಕಳಿಸಿದ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಳಿಯಂದಿರ ಕೈಯಲ್ಲಿ ಕೊಟ್ಟು ಮೇಲಿನ ಅಟ್ಟಕ್ಕೆ ಏರಿಸಿಬಿಡು, ನಿನಗೆ ಎಟುಕಬಾರದು. ಮಗು ಒದೆಯುತ್ತದೆಯಾ? ಒದೆಯಲಿ. ನೀನೂ ಹಾಗೆಯೇ ಒದ್ದವಳು, ನಾನು ಯಾರ ಹತ್ತಿರವೂ ದೂರು ಹೇಳಿರಲಿಲ್ಲ.

ಪಪ್ಪನ ಮುಖ ಕೊನೆಗೊಮ್ಮೆ ನೋಡಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಏಳು ತಿಂಗಳ ಬಸುರಿಯನ್ನು ವಿಮಾನದಲ್ಲಿ ಕೂರಿಸುವವರು ಯಾರು? ಬಂದಿದ್ದರೂ ನಮ್ಮಲ್ಲಿ ಬಸುರಿಗೆ ಹೆಣ ತೋರಿಸುವುದಿಲ್ಲ. ನಿನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತಿದ್ದರು. ಬಹ್ರೈನಿನಲ್ಲಿ ಅತ್ತರೂ ಒಂದೇ, ಹಿಂದಿನ ಕೋಣೆಯಲ್ಲಿ ಅತ್ತರೂ ಒಂದೇ. ಅಲ್ಲಿಯಾದರೆ ನೀರು ಕುಡಿ ಎಂದು ಹೇಳಲಿಕ್ಕೆ ಅಳಿಯಂದಿರಿದ್ದಾರೆ.

ನನ್ನ ವಿಷಯ ಕೇಳಿದರೆ, ನಾನು ಚೆನ್ನಾಗಿಯೇ ಇದ್ದೇನೆ. ನಿನ್ನ ಸಮಾಧಾನಕ್ಕೆ ಬರೆದದ್ದಲ್ಲ, ನಿಜವಾಗಿಯೂ. ಉಣ್ಣುತ್ತೇನೆ, ನಿದ್ದೆ ಬರುತ್ತದೆ, ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತೇನೆ. ಅಳು ಒಂದು ಬರುವುದಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಡುತ್ತಾರಲ್ಲ, ಆಮೇಲೆ ತುಟಿ ನಮ್ಮದೋ ಪಕ್ಕದ ಮನೆಯವರದ್ದೋ ತಿಳಿಯುವುದಿಲ್ಲ, ಹಾಗೆ. ಕಾರ್ಕಳದ ನಿನ್ನ ದೊಡ್ಡಮ್ಮ ಬಂದು ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಒಲೆಯ ಮೇಲಿನ ಹಾಲು ಉಕ್ಕಿತೋ ಎಂದು ನೋಡುತ್ತಿದ್ದೆ. ಗಟ್ಟಿಗಿತ್ತಿ ಎಂದು ಒಬ್ಬರು ಅಂದಿರಬಹುದು, ಕಲ್ಲು ಎಂದು ಇನ್ನೊಬ್ಬರು. ಎರಡೂ ಅಲ್ಲ. ಏನೂ ಆಗುತ್ತಿಲ್ಲ, ಅಷ್ಟೇ. ಪಪ್ಪನ ಬನಿಯನ್ ಇನ್ನೂ ಹಗ್ಗದಲ್ಲೇ ಉಂಟು. ಒಣಗಿ ಒಣಗಿ ಹಪ್ಪಳದ ಹಾಗಾಗಿದೆ. ತೆಗೆಯಬೇಕು.

ನೀನು ಎರಡು ಪತ್ರದಲ್ಲೂ ಒಂದೇ ಪ್ರಶ್ನೆ ಕೇಳಿದ್ದೀ. ಲಾರಿ ಯಾವುದು, ಓಡಿಸುತ್ತಿದ್ದವ ಯಾರು, ಸಿಕ್ಕಿದನಾ, ಅಲ್ಲಿ ಯಾರೂ ಎಂತ ಮಾಡುವುದಿಲ್ಲವಾ ಎಂದು. ಮಾಡದೆ ಏನು? ಚಿತ್ತರಂಜನ ಮಾವ ಹೋಟೆಲಿನ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟು ಪೊಲೀಸ್ ಸ್ಟೇಷನ್ನಿಗೂ ಪಪ್ಪ ಬಿದ್ದ ನಂತೂರಿಗೂ ತಿರುಗುತ್ತಿದ್ದಾನೆ. ನಂತೂರಿನ ಚಹದಂಗಡಿಯಲ್ಲಿ ಕೂತಿದ್ದವರನ್ನೆಲ್ಲ ಅವನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಆಗಿದೆ. ಒಬ್ಬ ಹಸಿರು ಲಾರಿ ಎನ್ನುತ್ತಾನೆ, ಒಬ್ಬ ಕೆಂಪು ಎನ್ನುತ್ತಾನೆ, ಇನ್ನೊಬ್ಬನ ಪ್ರಕಾರ ಅದು ಲಾರಿಯೇ ಅಲ್ಲ, ಟೆಂಪೋ. ಹಿಂದಕ್ಕೆ ಬರುವಾಗ ತಾಗಿತು ಎಂಬುದು ಮಾತ್ರ ಎಲ್ಲರೂ ಒಪ್ಪಿದ ಮಾತು. ಡ್ರೈವರ್ ಇಳಿದು ನೋಡಿದನಂತೆ, ಜನ ಓಡಿ ಬರುವುದನ್ನು ಕಂಡು ಹತ್ತಿ ಬಿಟ್ಟುಕೊಂಡು ಹೋದನಂತೆ. ಮಾವ ಮನೆಗೆ ಬಂದಾಗಲೆಲ್ಲ ಜಗಲಿಯಲ್ಲಿ ನಿಂತು, "ಸಿಗಲಿ ಅಕ್ಕ ಅವ ಒಮ್ಮೆ. ಪೊಲೀಸಿಗೆ ಕೊಡುವುದು ಆಮೇಲೆ. ಮೊದಲು ನಂತೂರಿನಲ್ಲೇ ಕಂಬಕ್ಕೆ ಕಟ್ಟಿ ಕೈಕಾಲು ಮುರಿಸ್ತೇನೆ" ಎಂದು ಹೇಳುತ್ತಾನೆ. ಬಾಯಿಮಾತಲ್ಲ. ಹೋಟೆಲಿನ ನಾಲ್ಕು ಜನರಿಗೆ ಹೇಳಿಟ್ಟಿದ್ದಾನೆ. ನಿನ್ನ ಸೋದರಮಾವನ ಸಿಟ್ಟು ನಿನಗೆ ಗೊತ್ತುಂಟಲ್ಲ.

ಪಪ್ಪ ನಂತೂರಿಗೆ ಯಾಕೆ ಹೋದರು ಎಂಬುದೇ ಯಾರಿಗೂ ಅರ್ಥವಾಗಲಿಲ್ಲ. ಅವರಿಗೆ ಅಲ್ಲಿ ಕೆಲಸ ಎಂತದ್ದು? ಮಣ್ಣಗುಡ್ಡ ಬಿಟ್ಟು ಹೊರಡುವುದೆಂದರೆ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಅರ್ಧ ಗಂಟೆಯಲ್ಲಿ ಬಂದೆ ಎಂದು ಹೇಳಿ ಹೋದವರು. ಆಸ್ಪತ್ರೆಯಿಂದ ಅವರ ಬಟ್ಟೆಚೀಲ ಕೊಟ್ಟರು. ಒಳಗೆ ಕೊಡೆ, ಕನ್ನಡಕದ ಪೆಟ್ಟಿಗೆ, ಅರ್ಧ ಕಟ್ಟು ಬೀಡಿ. ಬೀಡಿ ಬಿಟ್ಟು ಮೂರು ವರ್ಷವಾಯಿತು ಎಂದು ನನ್ನ ಹತ್ತಿರ ಆಣೆ ಹಾಕಿದ್ದ ಮನುಷ್ಯ ನೋಡು. ಬಯ್ಯಬೇಕು ಎನಿಸಿತು, ಬಯ್ಯಲಿಕ್ಕೆ ಜನ ಇಲ್ಲ.

ಇನ್ನು ಬೊಜ್ಜದ, ಉತ್ತರಕ್ರಿಯೆಯ ವಿಷಯ. ಬುಧವಾರ ಎಲ್ಲ ಕ್ರಮಪ್ರಕಾರ ನಡೆಯಿತು, ಯಾರೂ ಹೆಸರಿಡುವ ಹಾಗೆ ಆಗಲಿಲ್ಲ. ಸಂಜೆ ಒಳಗೆ ಕರೆಯುವುದೊಂದು ಉಂಟಲ್ಲ, ಉಲಾಯಿ ಲೆಪ್ಪುನೆ. ಹೋದವರನ್ನು ಮನೆಯೊಳಗೆ ಕರೆದು, ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುವುದು. ನಿನ್ನ ಅಜ್ಜನಿಗೆ ಬಡಿಸುವಾಗ ನೀನು ಸಣ್ಣವಳು. ಎಲೆಯ ಬದಿಯಲ್ಲಿ ನಶ್ಯದ ಡಬ್ಬಿ ಇಟ್ಟದ್ದನ್ನು ಕಂಡು, "ಅಜ್ಜ ಒಳಗೆ ಸೀನ್ತಾರಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ಇಷ್ಟದ್ದು ಒಂದು ಬಿಟ್ಟುಹೋದರೂ ಕುಲೆಗೆ, ಹೋದವರ ಆತ್ಮಕ್ಕೆ, ಸಮಾಧಾನವಿಲ್ಲ, ಮನೆಯ ಸುತ್ತಮುತ್ತ ತಿರುಗುತ್ತಲೇ ಇರುತ್ತದೆ ಎಂದು ಹಿರಿಯರು ಹೇಳುವುದು. ನಾನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆದರೆ ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಹುಳಿ ಒಂದು ಚೂರು ಹೆಚ್ಚೇ ಹಾಕಿದೆ, ಅವರಿಗೆ ಬೇಕಾದ ಹಾಗೆ. ಕೋರಿ ರೊಟ್ಟಿ ಮಾಡಿದೆ. ಆ ಅರ್ಧ ಕಟ್ಟು ಬೀಡಿಯನ್ನೂ ಇಟ್ಟೆ. ಸುಳ್ಳು ಹೇಳಿದ್ದು ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಗಲಿ.

ಜಗಳ ಆದದ್ದು ಪುಸ್ತಕದ ಮೇಲೆ. ಪತ್ತೇದಾರಿ ಪುಸ್ತಕ ಇಡದೆ ಗುಣಪಾಲಣ್ಣನಿಗೆ ಎಂತ ಬಡಿಸುವುದು ಎಂದು ಲೈಬ್ರರಿಯ ಮೆಂಬರುಗಳೆಲ್ಲ ಒಂದೇ ಮಾತು. ಹೋಟೆಲಿನ ಪಾಲು ಬಿಟ್ಟುಕೊಟ್ಟು ಒಂದು ಕೋಣೆಯಲ್ಲಿ ಕೊಲೆ ದರೋಡೆಯ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಾ ಕೂತವರಲ್ಲವಾ? ನಿನ್ನ ಪತ್ರವೂ ಸೋಮವಾರವೇ ಬಂತು. ನಮ್ಮ ಪಟ್ಟಿಯ ಒಂದನೇ ನಂಬರಿನದ್ದನ್ನೇ ಇಡು ಅಮ್ಮ, ಪಪ್ಪನ ಪ್ರಕಾರ ಅದಕ್ಕಿಂತ ಶ್ರೇಷ್ಠವಾದದ್ದು ಇಲ್ಲ ಎಂದು ನೀನು ಬರೆದಿದ್ದೀ. ಬೆನಿಟಾ ಟೀಚರೂ ಅದನ್ನೇ ಹೇಳಿದರು. ನಿಮ್ಮ ಮೂವರ ಆ ಪಟ್ಟಿ ಇನ್ನೂ ಲೈಬ್ರರಿಯ ಬೋರ್ಡಿನ ಮೇಲೆ ಉಂಟು, 'ಶ್ರೇಷ್ಠ ಹತ್ತು' ಎಂದು ನಿನ್ನ ದುಂಡು ಅಕ್ಷರದಲ್ಲಿ. ಪ್ರತಿ ಕ್ರಿಸ್ಮಸ್ ರಜೆಯಲ್ಲಿ ನೀವು ಕೂತು ಮಾಡುತ್ತಿದ್ದ ರಗಳೆ ನನಗೆ ಮರೆಯುವುದುಂಟಾ? ಕೊಲೆಗಾರ ಪುಸ್ತಕದ ಮೊದಲ ಕಾಲುಭಾಗದಲ್ಲೇ ಬಂದಿರಬೇಕು, ಭೂತಪ್ರೇತ ಇರಬಾರದು, ಕಾಕತಾಳೀಯಕ್ಕೆ ಹತ್ತು ಮಾರ್ಕು ಕಟ್, ಓದುವವನಿಗೆ ಗೊತ್ತಿಲ್ಲದ ಸುಳಿವು ಪತ್ತೇದಾರನಿಗೂ ಗೊತ್ತಿರಬಾರದು. ನೀನು ಕೆಂಪು ಪೆನ್ಸಿಲು ಹಿಡಿದು ಮಾರ್ಕು ಕೂಡಿಸುವುದು, ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿ ಮತ್ತೆ ಹಾಕಿ, "ಇದು ಅನ್ಯಾಯ ಗುಣಪಾಲಣ್ಣ" ಎನ್ನುವುದು, ನಾನು ಮೂರು ಸಲ ಚಹ ಮಾಡುವುದು. ಎಸ್ಸೆಸ್ಸೆಲ್ಸಿ ಪೇಪರು ತಿದ್ದುವವರೂ ಅಷ್ಟು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ.

ಆದರೆ ಮಗಾ, ಒಂದನೇ ನಂಬರಿನ ಆ ಪುಸ್ತಕವನ್ನು, ಅದೇ ಬೆಟ್ಟದ ಬಂಗಲೆಯಲ್ಲಿ ಜಡ್ಜು ಸಾಯುತ್ತಾನಲ್ಲ ಅದನ್ನು, ಪಪ್ಪ ಎರಡನೇ ಸಲ ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ. ತೊಂಬತ್ತನಾಲ್ಕು ಮಾರ್ಕು ಕೊಟ್ಟರು, ಗಾಜಿನ ಕಪಾಟಿನಲ್ಲಿಟ್ಟರು, ಮುಗಿಯಿತು. ಬೇಕಾದರೆ ಧೂಳು ನೋಡು. ಶ್ರೇಷ್ಠ ಎಂಬುದು ಊರಿಗೆ ಹೇಳಲಿಕ್ಕೆ ಇರುವುದು, ಇಷ್ಟ ಎಂಬುದು ತಲೆದಿಂಬಿನ ಅಡಿಗೆ. ಒಂದನೇ ನಂಬರಿನವರನ್ನು ಮನೆಗೆ ಕರೆದು ಊಟ ಹಾಕಿ, ಕೈ ಮುಗಿದು ಕಳಿಸುತ್ತೇವೆ. ಇಪ್ಪತ್ತಾರು ವರ್ಷ ಜೊತೆಯಲ್ಲಿ ಇಟ್ಟುಕೊಳ್ಳುವುದು ಬೇರೆಯವರನ್ನು. ನಿಮ್ಮ ಲೆಕ್ಕದಲ್ಲಿ ಮಾರ್ಕು ಹಾಕಿ ಹೆಣ್ಣು ನೋಡಿದ್ದರೆ ನಾನು ಯಾವ ಜನ್ಮದಲ್ಲೂ ಪಾಸಾಗುತ್ತಿರಲಿಲ್ಲ, ನೀನೂ ಹುಟ್ಟುತ್ತಿರಲಿಲ್ಲ.

ಅವರಿಗೆ ಇಷ್ಟದ್ದು ಬೋಳು ಪುಸ್ತಕ. ನಿನಗೆ ನೆನಪಿರಬೇಕು, ಹಳೆ ಪೇಪರಿನವನ ಹತ್ತಿರ ತೂಕಕ್ಕೆ ತಂದದ್ದು. ಮೇಲ್ರಟ್ಟು ಇಲ್ಲ, ಮೊದಲ ಪುಟಗಳಿಲ್ಲ, ಹೆಸರು ಎಂತ, ಬರೆದವರು ಯಾರು, ದೇವರಿಗೇ ಗೊತ್ತು. ಅದರಲ್ಲಿನ ಪತ್ತೇದಾರನಿಗೆ ಯಾವಾಗ ನೋಡಿದರೂ ಹಸಿವೆ. ಹೆಣ ಬಿದ್ದಲ್ಲಿಂದ ಎದ್ದು ಹೋಗಿ, ಇಡ್ಲಿ ಮುಗಿಯುತ್ತದೆ ಎಂದು ಹೋಟೆಲಿಗೆ ಓಡುತ್ತಾನಂತೆ. ಇಡೀ ಪುಸ್ತಕದಲ್ಲಿ ಮೀಸೆ ಇರುವುದು ಒಬ್ಬನಿಗೆ, ಕೊಲೆಗಾರ ಅವನೇ ಎಂದು ಎರಡನೇ ಅಧ್ಯಾಯದಲ್ಲೇ ಗೊತ್ತಾಗುತ್ತದಂತೆ. ಪಪ್ಪ ಅದನ್ನು ಓದುವಾಗ ನಕ್ಕು ನಕ್ಕು ಮಂಚ ಅಲ್ಲಾಡುತ್ತಿತ್ತು. ಒಮ್ಮೆ ಬೆನಿಟಾ ಟೀಚರ್ ಹಟ ಹಿಡಿದು ಅದಕ್ಕೂ ಮಾರ್ಕು ಹಾಕಿಸಿದ್ದರು, ಮೂವತ್ತು ದಾಟಲಿಲ್ಲ. ಪಪ್ಪ ಒಪ್ಪಿಕೊಂಡರು. "ಮೂವತ್ತೂ ಹೆಚ್ಚಾಯ್ತು ಟೀಚರೇ. ಇದು ಶ್ರೇಷ್ಠ ಅಲ್ಲ, ಇದು ನನ್ನದು" ಎಂದರು. ಅದನ್ನು ಯಾರಿಗೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಮೇಜಿನ ಅಡಿಯಲ್ಲಿ ಇಟ್ಟುಕೊಂಡು, ಅವರಿಗೆ ಮನಸ್ಸಿಗೆ ಬಂದವರಿಗೆ ಮಾತ್ರ ಕೈಯಾರೆ ಕೊಡುವುದು. ನನಗೆ ಕೊಡಲಿಲ್ಲ. ಕೊನೆಯ ಪುಟ ಮೊದಲು ಓದುವವಳಿಗೆ ಅದು ಸಿಗಲಿಕ್ಕಿಲ್ಲ ಎಂದು ಅವರ ಕಾನೂನು.

ನಾನು ಇದನ್ನು ಹೇಳಿದ್ದಕ್ಕೆ ಟೀಚರಿಗೆ ಬೇಸರವಾಯಿತು. ಸತ್ತವರ ಎದುರು ಅಂಥ ಕಸ ಇಡುವುದಾ ಶಶಿಪ್ರಭಾ, ಅವರ ಮರ್ಯಾದೆ ಎಂತ ಆಗಬೇಕು ಎಂದರು. ಪುಸ್ತಕವೇ ಬೇಡ, ಕೋಳಿ ಸಾಕು ಎಂದು ಮಾವ. ನಾನು ಹಟ ಮಾಡಲಿಲ್ಲ, ಹಟ ಮಾಡಲಿಕ್ಕೂ ಒಳಗೆ ಏನಾದರೂ ಇರಬೇಕಲ್ಲ. ಎಲೆಯ ಹತ್ತಿರ ಇಡುವುದು ಇಷ್ಟವಾದದ್ದನ್ನು, ಶ್ರೇಷ್ಠವಾದದ್ದನ್ನಲ್ಲ ಎಂದಷ್ಟೇ ಹೇಳಿದೆ. ಟೀಚರ್ ಹೌದು ಎಂದು ಒಪ್ಪಿದರು, ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ಬೋಳು ಪುಸ್ತಕ ಇಲ್ಲ. ಮೇಜಿನ ಅಡಿಯಲ್ಲಿಲ್ಲ, ಮಂಚದಲ್ಲಿಲ್ಲ. ಯಾರಿಗೋ ಕೊಟ್ಟಿರಬೇಕು ಎಂದರು ಟೀಚರ್. ನಾನು ಮಾತಾಡಲಿಲ್ಲ. ಅವರೇ ಒಂದು ಚೀಟಿ ಬರೆದು ಲೈಬ್ರರಿಯ ಬಾಗಿಲಿಗೆ ಅಂಟಿಸಿದರು: ಬೋಳು ಪುಸ್ತಕ ಯಾರಲ್ಲಿದ್ದರೂ ಬುಧವಾರ ಸಂಜೆಯೊಳಗೆ ತಂದುಕೊಡಿ, ಗುಣಪಾಲಣ್ಣನಿಗೆ ಇಡಲಿಕ್ಕುಂಟು.

ಬುಧವಾರ ಸಂಜೆಯಾದರೂ ಯಾರೂ ತರಲಿಲ್ಲ. ದೀಪ ಹಚ್ಚಿ ಎಲೆ ಬಡಿಸಿಯಾಯಿತು. ಬೇರೆ ದಾರಿಯಿಲ್ಲದೆ ಒಂದನೇ ನಂಬರಿನ ಜಡ್ಜನನ್ನೇ ಧೂಳು ಒರಸಿ ತಂದು ಎಲೆಯ ಬಲಬದಿಗೆ ಇಟ್ಟೆ. ಗಂಡನಿಗೆ ಬಡಿಸಿದ ಹಾಗೆ ಕಾಣಲಿಲ್ಲ, ಹೊರಗಿನ ದೊಡ್ಡ ಮನುಷ್ಯರಿಗೆ ಬಡಿಸಿದ ಹಾಗೆ ಕಂಡಿತು. ಇನ್ನೇನು ಬಾಗಿಲು ಹಾಕಬೇಕು, ಆಗ ಹಿತ್ತಿಲ ಬಾವಿಯ ಕಡೆಯಿಂದ ಲೋಕಯ್ಯ ಬಂದ. ಲೋಕಯ್ಯ ಯಾರೆಂದು ನಿನಗೆ ಗೊತ್ತಿರಲಿಕ್ಕಿಲ್ಲ, ನಿನ್ನ ಮದುವೆಯಾದ ಮೇಲೆ ಮೆಂಬರಾದವನು. ಜೆಪ್ಪುವಿನ ಹಂಚಿನ ಕಾರ್ಖಾನೆಯಿಂದ ಲೋಡು ಕೊಂಡುಹೋಗುವ ಲಾರಿ ಡ್ರೈವರು. ಆದಿತ್ಯವಾರ ಬಂದು ಮೂರು ಪುಸ್ತಕ ಒಟ್ಟಿಗೆ ಕೊಂಡುಹೋಗಿ, ಹಂಚು ತುಂಬಿಸುವಷ್ಟು ಹೊತ್ತೂ ಕ್ಯಾಬಿನಿನಲ್ಲಿ ಕೂತು ಓದುವವನು. ಪುಸ್ತಕ ಹಿಂದೆ ಬರುವಾಗ ಒಂದೊಂದು ಪುಟಕ್ಕೂ ಒಂದೊಂದು ಊರಿನ ಚಹದ ಕಲೆ. ಬೇರೆಯವರು ಮೂಲೆ ಮಡಚಿದರೂ ಹಾರಾಡುತ್ತಿದ್ದ ಪಪ್ಪ ಅವನಿಗೆ ಒಂದು ಮಾತು ಅನ್ನುತ್ತಿರಲಿಲ್ಲ. ಅವನು ಬಂದರೆ ಇಬ್ಬರೂ ಜಗಲಿಯಲ್ಲಿ ಕೂತು ಕಿಸಿಕಿಸಿ ನಗುವುದು ಅಡಿಗೆಮನೆಗೆ ಕೇಳುತ್ತಿತ್ತು.

ಪೇಪರಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಕಟ್ಟು ಕೊಟ್ಟ. "ಅಕ್ಕ, ಇದು ಅವರಿಗೆ ಇಡಬೇಕಂತೆ" ಎಂದ. ಚಿತ್ತರಂಜನ ಮಾವ, "ಬಂದೆಯಾ ಮಾರಾಯ! ಒಳ್ಳೆ ಹೊತ್ತಿಗೆ ಬಂದೆ ನೋಡು" ಎಂದು ಅವನ ಬೆನ್ನು ತಟ್ಟಿದ. ನಾನೇ ಗಂಟು ಬಿಚ್ಚಿದೆ. ಬೋಳು ಪುಸ್ತಕ. ಜಡ್ಜನನ್ನು ತೆಗೆದು ಅದನ್ನು ಇಟ್ಟೆ, ಬಾಗಿಲು ಹಾಕಿದೆವು. ಹೊರಗೆ ನಿಂತಾಗ ದೊಡ್ಡಮ್ಮನಿಗೆ ಮಂಚ ಅಲ್ಲಾಡಿದ ಸದ್ದು ಕೇ‌ಳಿತಂತೆ. ನನಗೆ ಏನೂ ಕೇಳಲಿಲ್ಲ. ಆಮೇಲೆ ಎಲ್ಲರಿಗೂ ಊಟ. ಲೋಕಯ್ಯ ಪಂಕ್ತಿಯ ಕೊನೆಯಲ್ಲಿ ಕೂತ. ಕೋಳಿ, ರೊಟ್ಟಿ ನಾನೇ ಬಡಿಸಿದೆ. ಅವನ ಎಲೆ ತೆಗೆಯುವಾಗ ನೋಡಿದೆ, ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು.

ಇಷ್ಟು ಇಲ್ಲಿಯ ವರ್ತಮಾನ. ಪಟ್ಟಿಯ ಬೋರ್ಡನ್ನು ತೆಗೆಯುವುದಿಲ್ಲ, ಟೀಚರ್ ವಾರಕ್ಕೆ ಎರಡು ದಿನ ಲೈಬ್ರರಿ ತೆರೆಯುತ್ತಾರಂತೆ. ನಿನ್ನ ಹೆರಿಗೆಗೆ ನಾನು ಅಲ್ಲಿಗೇ ಬರುವುದು ಎಂದು ಅಳಿಯಂದಿರು ಹೇಳಿದ್ದಾರಲ್ಲ, ಪಾಸ್‌ಪೋರ್ಟಿನ ಕೆಲಸ ಮಾವ ನೋಡುತ್ತಿದ್ದಾನೆ. ಬಾಣಂತಿ ಲೇಹ್ಯಕ್ಕೆ ಬೇಕಾದದ್ದೆಲ್ಲ ಕಟ್ಟಿಟ್ಟಿದ್ದೇನೆ. ಭಾರ ಎತ್ತಬೇಡ, ಮೆಟ್ಟಿಲು ಓಡಬೇಡ, ರಾತ್ರಿ ಕೂತು ಅಳಬೇಡ. ದೈವದೇವರು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಾಪಾಡಲಿ, ಹಗುರದಲ್ಲಿ ಹೆರಿಗೆಯಾಗಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇತಿ ನಿನ್ನ ಅಮ್ಮ,
ಶಶಿಪ್ರಭಾ

ಮತ್ತೆ: ಮರೆತದ್ದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಮರೆತಿರಲಿಲ್ಲ, ಬಸುರಿಗೆ ಬರೆಯುವುದೋ ಬೇಡವೋ ಎಂದು ನಾಲ್ಕು ಹಾಳೆ ಸುತ್ತಿ ಬಂದೆ. ಇವತ್ತು ಸಂಜೆಯೊಳಗೆ ಮಾವ ಟ್ರಂಕ್ ಕಾಲ್ ಮಾಡಿ ಅವನ ಬಾಯಿಯಲ್ಲಿ ಹೇಳುತ್ತಾನೆ. ಈ ಪತ್ರ ಆಮೇಲೆ ಸಿಕ್ಕಿದರೂ ಸರಿ, ನನ್ನ ಬಾಯಿಯದ್ದೂ ನಿನಗೆ ಗೊತ್ತಿರಲಿ. ಕೂತುಕೊಂಡು ಓದು. ಲಾರಿ ಲೋಕಯ್ಯನದ್ದು.

ಪುಸ್ತಕ ಯಾರಿಗೋ ಕೊಟ್ಟಿರಬೇಕು ಎಂದು ಟೀಚರ್ ಹೇಳಿದಾಗ ನಾನು ಮಾತಾಡಲಿಲ್ಲ ಎಂದು ಮೇಲೆ ಬರೆದೆನಲ್ಲ. ಪಪ್ಪ ಹೋದ ದಿನ ಬೆಳಿಗ್ಗೆ ಅದನ್ನು ಪೇಪರಿನಲ್ಲಿ ಸುತ್ತಿ, ಮಲ್ಲಿಗೆ ಕಟ್ಟಿ ಉಳಿದ ಬಾಳೆನಾರಿನಲ್ಲಿ ಗಂಟು ಹಾಕಿ ಪಪ್ಪನ ಚೀಲಕ್ಕೆ ಹಾಕಿದವಳು ನಾನೇ. ಯಾರಿಗೆ ಎಂದು ಕೇಳಿದೆ. ಇದ್ದಾನೆ ಒಬ್ಬ ಎಂದರು. ಚೀಲ ಆಸ್ಪತ್ರೆಯಿಂದ ಬಂದಾಗ ಪುಸ್ತಕ ಇರಲಿಲ್ಲ. ರಸ್ತೆಯಲ್ಲಿ ಬಿದ್ದುಹೋಗಿರಬೇಕು, ಹೆಕ್ಕಿದವರು ಯಾರಾದರೂ ಲೈಬ್ರರಿಗೆ ತಂದುಕೊಟ್ಟಾರು ಎಂದು ತಿಳಿದಿದ್ದೆ. ಬುಧವಾರ ಲೋಕಯ್ಯ ತಂದ ಕಟ್ಟಿನ ಮೇಲೆ ಇದ್ದದ್ದು ನನ್ನ ಗಂಟು. ಅವನು ಬಿಚ್ಚಿಯೇ ಇರಲಿಲ್ಲ. ಯಾವ ಪುಸ್ತಕದಲ್ಲೂ ಕೊಲೆಗಾರ ಯಾರೆಂದು ಹೇಳಲಿಕ್ಕೆ ನನಗೆ ಆದದ್ದಿಲ್ಲ ಕುಶಲಾ, ಇದು ಮಾತ್ರ ಒಂದು ಕ್ಷಣದಲ್ಲಿ ಗೊತ್ತಾಯಿತು. ಗಂಟು ಬಿಚ್ಚುತ್ತಾ ಅವನ ಮುಖ ನೋಡಿದೆ, ಅವನು ನೆಲ ನೋಡಿದ.

ಕೈ ತೊಳೆಯಲಿಕ್ಕೆ ಬಾವಿಕಟ್ಟೆಗೆ ಹೋದಾಗ ಹಿಂದೆಯೇ ಹೋಗಿ ಕೇಳಿದೆ. ಎಲ್ಲ ಹೇಳಿದ. ಲೋಡು ಉಡುಪಿ ಕಡೆಗೆ ಹೋಗಲಿಕ್ಕಿತ್ತಂತೆ. ನಂತೂರಿನಲ್ಲಿ ನಿಲ್ಲು, ದಾರಿಯಲ್ಲಿ ಓದಲಿಕ್ಕೆ ಬೋಳು ಪುಸ್ತಕ ಕೊಡ್ತೇನೆ ಎಂದು ಪಪ್ಪನೇ ಹೇಳಿದ್ದಂತೆ. ಕ್ಯಾಬಿನಿನ ಕಿಟಕಿಯಲ್ಲಿ ಕೊಟ್ಟು, ತಿಂಡಿ ತಿಂದು ಓದು, ಇಲ್ಲದಿದ್ದರೆ ಹಸಿವೆ ತಡೆಯಲಿಕ್ಕಾಗದು ಎಂದು ಹೇಳಿ ನಗುತ್ತಾ ಹೋದರಂತೆ. ಹೋದರು ಎಂದು ಇವನು ಲಾರಿ ಹಿಂದೆ ತೆಗೆದ. ಹಿಂದೆ ನೋಡಿ ಹೇಳಲಿಕ್ಕೆ ಕ್ಲೀನರ್ ಆ ದಿನ ಬಂದಿರಲಿಲ್ಲ. ಪಪ್ಪ ರಸ್ತೆ ದಾಟಲಿಕ್ಕೆ ಲಾರಿಯ ಹಿಂದೆಯೇ ಬಂದಿದ್ದರು. ಪುಸ್ತಕವನ್ನು ನೇತ್ರಾವತಿಗೆ ಬಿಸಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ, ಯಾಕೆ ತಂದೆ ಎಂದು ಕೇಳಿದೆ. "ಚೀಟಿ ನೋಡಿದೆ ಅಕ್ಕ. ಅವರಿಗೆ ಇಷ್ಟದ್ದು ಸಿಗದೆ ಹೋದರೆ?" ಎಂದ. ಕುಲೆಗೆ ಬಡಿಸುವ ನಮ್ಮ ಊರಿನವನಲ್ಲದೆ ಬೇರೆ ಯಾವ ಊರಿನವನೂ ಹೀಗೆ ತಾನಾಗಿ ಬಂದು ಸಿಕ್ಕಿಬೀಳಲಿಕ್ಕಿಲ್ಲ. ಶನಿವಾರ ಬೆಳಿಗ್ಗೆ ಬಾ, ಇಬ್ಬರೂ ಸ್ಟೇಷನ್ನಿಗೆ ಹೋಗುವ ಎಂದು ಹೇಳಿದೆ. ಬಾರದೆ ಓಡಿಹೋಗಲಿಕ್ಕೂ ಸಮಯ ಕೊಟ್ಟ ಹಾಗಾಯಿತು, ಅದು ನನಗೆ ಗೊತ್ತಿತ್ತು. ಬಂದಿದ್ದಾನೆ. ಜಗಲಿಯ ತುದಿಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾನೆ, ಕೂರು ಎಂದರೂ ಕೂರುವುದಿಲ್ಲ.

ಮಾವನಿಗೆ ಹೇಳಿಲ್ಲ. ಸ್ಟೇಷನ್ನಿನಿಂದಲೇ ಹೋಟೆಲಿಗೆ ಫೋನು ಮಾಡಿಸುತ್ತೇನೆ. ಕೋರ್ಟು ಎಂತ ಕೊಡುತ್ತದೋ ಕೊಡಲಿ, ಅದನ್ನು ಬೇಡ ಎನ್ನುವವಳು ನಾನಲ್ಲ. ಕಂಬಕ್ಕೆ ಕಟ್ಟುವುದು ಬೇಡ. ಸತ್ತವರ ಹೆಂಡತಿಯೇ ಜೊತೆಯಲ್ಲಿದ್ದರೆ ಯಾರೂ ಕೈ ಮಾಡಲಿಕ್ಕಿಲ್ಲ. ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಬರಲಿ, ಬರೆದು ತಿಳಿಸು. ಅವನನ್ನು ಕ್ಷಮಿಸಿದ್ದೇನೆ ಎಂದು ಮಾತ್ರ ತಿಳಿಯಬೇಡ. ಅವನ ಮುಖ ನೋಡುವಾಗ ನನಗೆ ಎಂತ ಆಗಬೇಕೋ ಅದು ಆಗುವುದಿಲ್ಲ, ಅಷ್ಟೇ. ನಾಳೆ ಆಗಬಹುದು. ಆದರೆ ಆಗ ಮಾವನಿಗಿಂತ ಮೊದಲು ನಾನೇ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೇನು. ಅದಕ್ಕೇ ಇವತ್ತೇ ಕರೆದುಕೊಂಡು ಹೋಗುತ್ತಿದ್ದೇನೆ.